ಮತವಿಲ್ಲದವರಿಗೂ ಪ್ರತಿನಿಧಿ ಉಂಟೇ?

ಪ್ರಶ್ನೆ: ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ ಎಚ್‌-1ಬಿ ವೀಸಾದಲ್ಲಿ ಉದ್ಯೋಗದಲ್ಲಿದ್ದೇನೆ. ಎಚ್‌-4 ವೀಸಾದಲ್ಲಿರುವ ಪತ್ನಿಯ ಕೆಲಸದ ಪರವಾನಗಿಯ ನವೀಕರಣ ಅರ್ಜಿ ವಲಸೆ ಇಲಾಖೆಯಲ್ಲಿ ತಿಂಗಳುಗಟ್ಟಲೆ ಹಾಗೆಯೇ ಉಳಿದಿದೆ. ನಮ್ಮ ಕ್ಷೇತ್ರದ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯರ ಕಚೇರಿಯಲ್ಲಿ ವಿಚಾರಿಸಿ ಎಂದು ಸ್ನೇಹಿತರು ಹೇಳುತ್ತಾರೆ. ಮತವೇ ಇಲ್ಲದ ನನ್ನ ಮಾತಿಗೆ ಅಲ್ಲಿ ಬೆಲೆಯಿದೆಯೇ? ಹಾಗೆ ಕೇಳುವುದರಿಂದ ಅರ್ಜಿಗೇ ಧಕ್ಕೆಯಾದೀತೇ?

ಉತ್ತರ: ಅವಶ್ಯವಾಗಿ ವಿಚಾರಿಸಿ. ಅವರು ನಿಮ್ಮ ಪ್ರತಿನಿಧಿಯೂ ಹೌದು. ಕಾಂಗ್ರೆಸ್ಸಿನ ಕೆಳಮನೆಯಾದ ಪ್ರತಿನಿಧಿಗಳ ಸಭೆಯ 435 ಸ್ಥಾನಗಳನ್ನು ರಾಜ್ಯಗಳಿಗೆ ಹಂಚುವುದು ಮತದಾರರ ಪಟ್ಟಿಯನ್ನು ನೋಡಿಯಲ್ಲ, ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯಲ್ಲಿ ಸಿಕ್ಕ ಒಟ್ಟು ಜನರ ಸಂಖ್ಯೆಯನ್ನು ನೋಡಿ. 1868ರಲ್ಲಿ ಅಂಗೀಕೃತವಾದ ಸಂವಿಧಾನದ 14ನೇ ತಿದ್ದುಪಡಿ ಹೇಳುವುದೂ ಇದನ್ನೇ. ಟೆಕ್ಸಾಸ್‌ನ ಕೆಲವು ಮತದಾರರು, ಕ್ಷೇತ್ರಗಳನ್ನು ಅರ್ಹ ಮತದಾರರ ಲೆಕ್ಕದಲ್ಲೇ ರಚಿಸಬೇಕೆಂದು ಸುಪ್ರೀಂ ಕೋರ್ಟಿನ ಮೊರೆಹೋದಾಗ, 2016ರಲ್ಲಿ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಪ್ರತಿನಿಧಿಗಳು ಮತ ಹಾಕಬಲ್ಲವರಿಗೆ ಮಾತ್ರವಲ್ಲದೆ ಎಲ್ಲ ನಿವಾಸಿಗಳಿಗೂ ಸೇವೆ ಸಲ್ಲಿಸುತ್ತಾರೆಂಬುದನ್ನು ನ್ಯಾಯಮೂರ್ತಿ ರುತ್ ಬೇಡರ್ ಗಿನ್ಸ್‌ಬರ್ಗ್ ಬರೆದ ಆ ತೀರ್ಪು ಸ್ಪಷ್ಟಪಡಿಸಿತು.

ಇನ್ನು ವಿಚಾರಿಸುವ ಬಗೆ. ಸದಸ್ಯರ ಜಾಲತಾಣದಲ್ಲಿ ಸರ್ಕಾರಿ ಇಲಾಖೆಗಳ ಕೆಲಸಕ್ಕೆ ನೆರವು ಕೋರುವ ವಿಭಾಗವೊಂದಿರುತ್ತದೆ. ಇಂಥ ಕಡತಗಳನ್ನು ಸಾಮಾನ್ಯವಾಗಿ ನೋಡಿಕೊಳ್ಳುವವರು ಕ್ಷೇತ್ರದಲ್ಲೇ ಇರುವ ಕಚೇರಿಯ ಸಿಬ್ಬಂದಿ. 1974ರ ಖಾಸಗಿತನ ಕಾಯ್ದೆಯ ಕಾರಣದಿಂದ ಅವರು ಮೊದಲು ‘ಪ್ರೈವಸಿ ರಿಲೀಸ್’ ಎಂಬ ಒಪ್ಪಿಗೆ ಪತ್ರವನ್ನು ಕೇಳುತ್ತಾರೆ. ಅರ್ಜಿ ನಿಮ್ಮ ಪತ್ನಿಯದಾದ್ದರಿಂದ ಸಹಿಯೂ ಅವರದೇ ಆಗಿರಬೇಕು. ಪತಿ ಸಹಿ ಹಾಕಿ ಕಳುಹಿಸಿದರೆ ಪತ್ರ ಮರಳಿ ಬಂದು ಇನ್ನಷ್ಟು ದಿನ ವ್ಯರ್ಥವಾಗುತ್ತದೆ. ಜೊತೆಗೆ ಮೂರು ಅಕ್ಷರ ಮತ್ತು ಹತ್ತು ಅಂಕಿಗಳ ರಸೀದಿ ಸಂಖ್ಯೆ, ಕೆಲಸದ ಪರವಾನಗಿ ಕೋರುವ ಐ-765 ಅರ್ಜಿ ಸಲ್ಲಿಸಿದ ದಿನಾಂಕ, ಇಲಾಖೆಯೊಂದಿಗೆ ಈವರೆಗೆ ನಡೆದ ಪತ್ರವ್ಯವಹಾರ ಇಷ್ಟನ್ನು ಒಂದೇ ಪುಟದಲ್ಲಿ ಬರೆದು ಕೊಡಿ. ಕೆಲಸ ಕೈತಪ್ಪುವ ಭಯವಿದ್ದರೆ ಉದ್ಯೋಗದಾತರ ಪತ್ರವನ್ನೂ ಲಗತ್ತಿಸಿ, ಏಕೆಂದರೆ ತೀವ್ರ ಆರ್ಥಿಕ ನಷ್ಟಕ್ಕೆ ದಾಖಲೆಯಿದ್ದಾಗ ಅರ್ಜಿಯನ್ನು ಬೇಗ ಪರಿಶೀಲಿಸುವಂತೆ ಕೋರಲು ಅವಕಾಶವಿದೆ.

ಕಚೇರಿಯವರು ಕಡತ ಎಲ್ಲಿ ನಿಂತಿದೆಯೆಂದು ಇಲಾಖೆಯನ್ನು ಕೇಳಬಲ್ಲರೇ ಹೊರತು ಮಂಜೂರು ಮಾಡಿರೆಂದು ಆಜ್ಞಾಪಿಸಲಾರರು. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಾಗಿ ಭಾರತೀಯರು ಕಾಯುತ್ತಿರುವ ದೀರ್ಘ ಸರದಿಯಂತೂ ಇಂಥ ವಿಚಾರಣೆಯಿಂದ ಕದಲುವುದಿಲ್ಲ. ವರ್ಷಕ್ಕೆ ಕೊಡುವ ಇಂಥ ಕಾರ್ಡ್‌ಗಳಲ್ಲಿ ಒಂದು ದೇಶದವರಿಗೆ ಶೇ 7ರ ಮಿತಿ ಹಾಕಿರುವ ಕಾನೂನನ್ನು ಕಾಂಗ್ರೆಸ್ಸೇ ಬದಲಿಸಬೇಕು. ಅದರ ಬಗ್ಗೆ ಪ್ರತ್ಯೇಕವಾಗಿ ಬರೆಯಿರಿ, ನಮ್ಮವರು ಹೀಗೆ ಬರೆಯುವುದು ತೀರಾ ಕಡಿಮೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಧಕ್ಕೆಯ ಭಯ ಬೇಡ. ಕಡತದ ಸ್ಥಿತಿ ಕೇಳಿದ್ದು ಅರ್ಜಿ ತಿರಸ್ಕರಿಸಲು ಕಾನೂನಿನಲ್ಲಿ ಕಾರಣವೇ ಅಲ್ಲ. ಪೌರತ್ವವಿಲ್ಲದವರಿಗೂ ಕಾನೂನಿನ ಸಮಾನ ರಕ್ಷಣೆಯಿದೆ ಎಂಬುದು 1886ರಷ್ಟು ಹಿಂದೆಯೇ ಇತ್ಯರ್ಥವಾದ ವಿಷಯ. ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಮರದ ಕಟ್ಟಡಗಳಲ್ಲಿ ಲಾಂಡ್ರಿ ನಡೆಸಲು ಪರವಾನಗಿ ಬೇಕಿತ್ತು. ಸುಮಾರು 200 ಚೀನೀಯರ ಅರ್ಜಿಗಳನ್ನು ನಿರಾಕರಿಸಿದ ಅಧಿಕಾರಿಗಳು ಉಳಿದವರಿಗೆ ಬಹುತೇಕ ಎಲ್ಲರಿಗೂ ಅನುಮತಿ ಕೊಟ್ಟಿದ್ದರು. ನಿಯಮ ಕಾಗದದ ಮೇಲೆ ಎಷ್ಟೇ ಸಮಾನವಾಗಿ ಕಂಡರೂ ಅದನ್ನು ಪಕ್ಷಪಾತದಿಂದ ಜಾರಿ ಮಾಡುವುದು ಸಂವಿಧಾನಕ್ಕೆ ವಿರುದ್ಧವೆಂದು ಯಿಕ್ ವೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಆದರೆ ಒಂದು ವಿಷಯದಲ್ಲಿ ಅತಿ ಎಚ್ಚರ ಅಗತ್ಯ. ಚಾಲನಾ ಪರವಾನಗಿಯ ಕಚೇರಿಯಲ್ಲಿ ಮತದಾರರ ಪಟ್ಟಿಗೆ ಸೇರುತ್ತೀರಾ ಎಂದು ಕೇಳಿದರೆ ಇಲ್ಲವೆನ್ನಿ. ಪೌರರೆಂದು ಸುಳ್ಳು ಹೇಳಿಕೊಂಡಂತಾದರೆ ಮುಂದೆ ಗ್ರೀನ್ ಕಾರ್ಡ್‌ಗೇ ಸಂಚಕಾರ, ಮತ ಹಾಕಿಬಿಟ್ಟರೆ ಗಡೀಪಾರಿನವರೆಗೂ ಹೋದೀತು. ಚುನಾವಣಾ ದೇಣಿಗೆಯನ್ನೂ ಕೊಡಬೇಡಿ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು, ಎಚ್‌-1ಬಿಯಲ್ಲಿರುವವರು ಕೊಡುವಂತಿಲ್ಲ.

ಪ್ರಶ್ನೆ: ನ್ಯೂಜೆರ್ಸಿಯ ಶಾಲಾ ಮಂಡಳಿಯ ಸಭೆಯಲ್ಲಿ ವೀಸಾದಲ್ಲಿರುವ ಪೋಷಕರು ಮಾತನಾಡಬಹುದೇ?

ಉತ್ತರ: ಮಾತನಾಡಬಹುದು. ಆ ರಾಜ್ಯದ ಮುಕ್ತ ಸಭೆಗಳ ಕಾನೂನಿನಂತೆ ಶಾಲಾ ಮಂಡಳಿ ತನ್ನ ಸಭೆಯಲ್ಲಿ ಸಾರ್ವಜನಿಕರ ಅಹವಾಲಿಗೆ ಸಮಯ ಮೀಸಲಿಡಲೇಬೇಕು, ಅದಕ್ಕೆ ಪೌರತ್ವದ ಷರತ್ತಿಲ್ಲ. ಎಷ್ಟು ನಿಮಿಷ ಮಾತನಾಡಬಹುದೆಂಬುದನ್ನು ಮಂಡಳಿಯೇ ನಿಗದಿ ಮಾಡುವುದರಿಂದ, ಹೇಳಬೇಕಾದದ್ದನ್ನು ಬರೆದುಕೊಂಡು ಹೋಗಿ, ಅದರ ಪ್ರತಿಯೊಂದನ್ನು ಮಂಡಳಿಯ ಕಾರ್ಯದರ್ಶಿಯವರಿಗೆ ಕೊಟ್ಟು ಬನ್ನಿ.