ಕ್ರೌನ್ ಸೋರಿದರೆ ಸೀಲ್‌ಗಿಂತ ಮೊದಲು ಬ್ರೀದರ್ ನೋಡಿ

ಪ್ರಶ್ನೆ: ಮೇಸ್ತ್ರಿಗಳಿಗೆ ನಮಸ್ಕಾರ. ಮುಳಶಿ ಕಡೆ ನಮ್ಮದೊಂದು ಭತ್ತದ ಗದ್ದೆ ಇದೆ. ಅದಕ್ಕೆಂದೇ ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್ ಇಟ್ಟುಕೊಂಡಿದ್ದೇನೆ. ಮಳೆಗಾಲದಲ್ಲಿ ಹಳ್ಳ ದಾಟದೆ ಗದ್ದೆ ಮುಟ್ಟುವ ಹಾಗಿಲ್ಲ. ಹಿಂದಿನ ಕ್ರೌನ್ (ಎರಡು ಚಕ್ರಗಳ ನಡುವಿನ ಗೇರ್ ಡಬ್ಬಿ, ಅಂದರೆ ಡಿಫರೆನ್ಷಿಯಲ್) ಹತ್ತಿರ ಎಣ್ಣೆ ಸೋರುತ್ತದೆ. ಪಿನಿಯನ್ ಸೀಲ್ (ಕ್ರೌನ್ ಒಳಗೆ ಶಾಫ್ಟ್ ಹೋಗುವ ಕಡೆ ಎಣ್ಣೆ ತಡೆಯುವ ರಬ್ಬರ್ ರಿಂಗ್) ಎರಡು ಸಲ ಹಾಕಿಸಿದೆ, ಮತ್ತೆ ಅದೇ ಕಥೆ. ಸೀಲೇ ಡುಪ್ಲಿಕೇಟ್ ಇರಬಹುದಾ?
– ಓದುಗರು, ಕೋಥ್ರೂಡ್, ಪುಣೆ

ಉತ್ತರ: ಯಜಮಾನ್ರೇ, ಸೀಲ್ ಮೇಲೆ ಆಮೇಲೆ ಗುಮಾನಿ ಪಡೋಣ. ಹಳ್ಳ ದಾಟುತ್ತೇನೆ ಅಂದಿರಲ್ಲ, ಅಲ್ಲೇ ನನಗೆ ಬ್ರೀದರ್ ನೆನಪಾಯಿತು. ಆಕ್ಸಲ್ ಹೌಸಿಂಗ್ (ಕ್ರೌನ್ ಕೂತಿರುವ ಕವಚ) ಮೇಲ್ಭಾಗದಲ್ಲಿ ಬೆರಳ ತುದಿಯಷ್ಟು ಮುಚ್ಚಳ ಇರುತ್ತದೆ, ಅದೇ ಬ್ರೀದರ್. ಕೆಲವು ಗಾಡಿಗಳಲ್ಲಿ ಅಲ್ಲಿಂದ ರಬ್ಬರ್ ಪೈಪ್ ಮೇಲಕ್ಕೆ ಹೋಗಿರುತ್ತದೆ. ಗಾಡಿ ಓಡಿದಾಗ ಹೌಸಿಂಗ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಗೆ ಹೋಗಲು ಇರುವ ದಾರಿ ಇದೊಂದೇ. ಗದ್ದೆ ಕೆಸರು ಮೆತ್ತಿ ಒಣಗಿದರೆ ದಾರಿ ಬಂದ್. ಗಾಳಿ ಸುಮ್ನೆ ಇರುತ್ತದೆಯೇ? ಸೀಲಿನ ತುಟಿಯನ್ನೇ ತಳ್ಳಿ ಎಣ್ಣೆ ಸಮೇತ ಹೊರಗೆ ಬರುತ್ತದೆ. ಎಷ್ಟು ಒರಿಜಿನಲ್ ಸೀಲ್ ಹಾಕಿದರೂ ಅಷ್ಟೇ.

ನೀವೇ ಪರೀಕ್ಷೆ ಮಾಡಬಹುದು. ಒಂದು ಅರ್ಧ ಗಂಟೆ ಓಡಿಸಿ ಬಂದು, ಹೌಸಿಂಗ್ ಬಿಸಿ ಇರುವಾಗಲೇ ಬ್ರೀದರ್ ಬಿಚ್ಚಿ. 'ಫುಸ್' ಅಂತ ಗಾಳಿ ಬಂದರೆ ಕಳ್ಳ ಸಿಕ್ಕ. ಡೀಸೆಲ್‌ನಲ್ಲಿ ತೊಳೆದು ಗಾಳಿ ಹೊಡೆಯಿರಿ. ಮುಚ್ಚಳ ಜಂಗು ಹಿಡಿದು ಅಲುಗದಿದ್ದರೆ ಹೊಸದೇ ಹಾಕಿ. ದುಬಾರಿ ಸಾಮಾನೇನಲ್ಲ.

ಹಳ್ಳದಲ್ಲಿ ಇನ್ನೊಂದು ತೊಂದರೆ ಇದೆ. ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಫಿಲ್ಲರ್ ಬೋಲ್ಟ್ (ಎಣ್ಣೆ ತುಂಬುವ ತೂತಿನದು) ಬಿಚ್ಚಿ ಬೆರಳು ಅದ್ದಿ ನೋಡಿ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಅದನ್ನು ಇಟ್ಟುಕೊಂಡು ಓಡಿಸಬೇಡಿ, ಬೇರಿಂಗ್ ತಿನ್ನುತ್ತದೆ. ಎಣ್ಣೆ ಬದಲಿಸುವಾಗ ಮೊದಲು ಫಿಲ್ಲರ್ ಬೋಲ್ಟ್, ಆಮೇಲೆ ಡ್ರೇನ್ ಬೋಲ್ಟ್. ಡ್ರೇನ್ ಮಾಡಿಬಿಟ್ಟು ಫಿಲ್ಲರ್ ಬಿಚ್ಚಲು ಬರದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ತುಂಬುವಾಗ ಗಾಡಿ ಸಮತಟ್ಟಾದ ನೆಲದ ಮೇಲಿರಲಿ, ಎಣ್ಣೆ ತೂತಿನ ಕೆಳ ಅಂಚಿಗೆ ಬಂದರೆ ಸಾಕು. ಜಾಸ್ತಿ ಹಾಕಿದರೂ ಸೋರುತ್ತದೆ.

ಬ್ರೀದರ್ ಚೆನ್ನಾಗಿದ್ದೂ ಸೋರಿದರೆ ಆಗ ಸೀಲ್ ಕಡೆ ಬನ್ನಿ. ಫ್ಲ್ಯಾಂಜ್ (ಉದ್ದ ಶಾಫ್ಟ್ ಕ್ರೌನ್‌ಗೆ ಸೇರುವ ಬಿಲ್ಲೆ) ಕಳಚಿದಾಗ ಸೀಲ್ ಕೂರುವ ಜಾಗದ ಮೇಲೆ ಉಗುರು ಎಳೆಯಿರಿ. ಉಗುರು ತಡೆದರೆ ಅಲ್ಲಿ ಗೀರು ಬಿದ್ದಿದೆ, ಹೊಸ ಸೀಲ್ ನಿಲ್ಲುವುದಿಲ್ಲ. ಫ್ಲ್ಯಾಂಜ್ ಬದಲಿಸಿ, ಇಲ್ಲವೇ ಅದರ ಮೇಲೆ ತೆಳು ಸ್ಲೀವ್ ಕೂರಿಸಿ. ಸೀಲ್ ಒಳಗೆ ಸಣ್ಣ ಸುರುಳಿ ಸ್ಪ್ರಿಂಗ್ ಇದೆ, ಅದು ಎಣ್ಣೆ ಕಡೆಗೇ ಇರಬೇಕು. ಸುತ್ತಿಗೆಯಲ್ಲಿ ಬಡಿದರೆ ಜಿಗಿದು ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನಾನು ಅಲ್ಲಿ ಗ್ರೀಸ್ ತುಂಬಿಯೇ ಕೂರಿಸುತ್ತೇನೆ. ಪಿನಿಯನ್ ನಟ್ ಬಿಚ್ಚುವ ಮೊದಲು ನಟ್‌ಗೂ ಶಾಫ್ಟ್‌ಗೂ ಪಂಚ್‌ನಿಂದ ಗುರುತು ಹಾಕಿಸಿ, ಮತ್ತೆ ಬಿಗಿಯುವಾಗ ಅದೇ ಗುರುತಿಗೆ ಬರಲಿ. ಏರ್ ಗನ್ ಹಿಡಿದು 'ಟರ್ರ್' ಅಂತ ಬಿಗಿದರೆ ಬೇರಿಂಗ್ ಲೋಡ್ ಕೆಟ್ಟು ಕ್ರೌನ್ ಕೂಗಲು ಶುರು ಮಾಡುತ್ತದೆ. ಸೋರಿಕೆಯೇ ಚೆನ್ನಾಗಿತ್ತು ಅನ್ನಿಸುತ್ತದೆ ಆಗ.

ಇನ್ನು ಡುಪ್ಲಿಕೇಟ್ ವಿಷಯ. ನಿಮ್ಮ ಪುಣೆಯ ಬಿಡಿಭಾಗಗಳ ಪೇಟೆ ನಾನಾ ಪೇಠೆಗೆ ಹೋಗುವಾಗ ಹಳೇ ಸೀಲ್ ಕೈಯಲ್ಲಿರಲಿ. ಅದರ ಮೇಲೆ ಅಳತೆ ಕೊರೆದಿರುತ್ತದೆ: 35, 52, 7 ಅಂತಿದ್ದರೆ ಒಳ ವ್ಯಾಸ, ಹೊರ ವ್ಯಾಸ, ದಪ್ಪ, ಎಲ್ಲ ಮಿಲಿಮೀಟರ್‌ನಲ್ಲಿ. ಅಂಗಡಿಯವ ಬೇರೆ ಅಳತೆಯದು ಕೊಟ್ಟು 'ಇದೂ ನಡೀತದೆ' ಅಂದರೆ ಎದ್ದು ಬನ್ನಿ.

ಪ್ರಶ್ನೆ: ನಮ್ಮ ಯಜಮಾನರ ಹಳೇ ಜೀಪು. ನೆಲದ ಮೇಲೆ ಒಂದು ಹನಿ ಇಲ್ಲ, ಆದರೂ ಟ್ರಾನ್ಸ್‌ಫರ್ ಕೇಸ್‌ನಲ್ಲಿ (ಗೇರ್‌ಬಾಕ್ಸ್ ಪಕ್ಕದಲ್ಲಿದ್ದು ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಬ್ಬಿ) ಎಣ್ಣೆ ಕಮ್ಮಿಯಾಗುತ್ತದೆ. ಎಲ್ಲಿ ಹೋಗುತ್ತದೆ?
– ಓದುಗರು, ಫೋಂಡಾ, ಗೋವಾ

ಉತ್ತರ: ಅಕ್ಕಾವ್ರೇ, ಪಕ್ಕದ ಮನೆಗೆ ಹೋಗಿದೆ. ಗೇರ್‌ಬಾಕ್ಸ್ ಫಿಲ್ಲರ್ ಬೋಲ್ಟ್ ಬಿಚ್ಚಿಸಿ. ಅಲ್ಲಿಂದ ಎಣ್ಣೆ ತಾನಾಗಿ ಸುರಿದರೆ ಎರಡರ ನಡುವಿನ ಸೀಲ್ ಸತ್ತಿದೆ. ಅದನ್ನು ಹಾಕಲು ಟ್ರಾನ್ಸ್‌ಫರ್ ಕೇಸ್ ಇಳಿಸಬೇಕು, ಕೆಲಸ ದೊಡ್ಡದು. ಇಳಿಸಿದ ಮೇಲೆ ಮುಂದಿನ, ಹಿಂದಿನ ಔಟ್‌ಪುಟ್ ಸೀಲನ್ನೂ ಒಟ್ಟಿಗೇ ಬದಲಿಸಿಬಿಡಿ, ಕೂಲಿ ಎರಡು ಸಲ ಕೊಡುವುದು ಯಾಕೆ? ಎಣ್ಣೆ ಮಾತ್ರ ಗಾಡಿಯ ಪುಸ್ತಕದಲ್ಲಿ ಬರೆದದ್ದೇ ಹಾಕಿಸಿ. ಕ್ರೌನ್‌ಗೆ ಹಾಕುವ ಜಿಎಲ್-5 ಎಣ್ಣೆಯನ್ನು ಹಳೇ ಗೇರ್‌ಬಾಕ್ಸ್‌ಗೂ ಸುರಿಯುವವರಿದ್ದಾರೆ. ಒಳಗಿನ ಹಿತ್ತಾಳೆ ರಿಂಗುಗಳಿಗೆ ಅದು ಆಗಿಬರುವುದಿಲ್ಲ.

ಪ್ರಶ್ನೆ: ಹಿಂದಿನ ಚಕ್ರದ ಒಳಮೈ ಒದ್ದೆಯಾಗಿದೆ. ಬ್ರೇಕ್ ಆಯಿಲೋ, ಕ್ರೌನ್ ಆಯಿಲೋ? ಲೀಕ್ ನಿಲ್ಲಿಸುವ ಬಾಟಲಿ ಹಾಕಿದರೆ ನಡೆಯುತ್ತದಾ?
– ಓದುಗರು, ಠಾಣೆ

ಉತ್ತರ: ಬೆರಳಿಗೆ ಹಚ್ಚಿ ಮೂಸಿ. ದಪ್ಪಗಿದ್ದು ಗಂಧಕದ ವಾಸನೆ ಬಂದರೆ ಕ್ರೌನ್ ಆಯಿಲ್. ತೆಳ್ಳಗಿದ್ದು ಬರೀ ನೀರಿಗೇ ತೊಳೆದು ಹೋದರೆ ಬ್ರೇಕ್ ಆಯಿಲ್. ಎರಡರಲ್ಲಿ ಯಾವುದಾದರೂ ಸರಿ, ಡ್ರಮ್ ಬಿಚ್ಚಿಸುವ ತನಕ ಗಾಡಿ ಹೊರಗೆ ತೆಗೆಯಬೇಡಿ. ಬ್ರೇಕ್ ಲೈನರ್ ಎಣ್ಣೆ ಕುಡಿದಿದ್ದರೆ ತೊಳೆದು ಉಪಯೋಗವಿಲ್ಲ, ಎರಡೂ ಚಕ್ರದ್ದು ಜೋಡಿಯಾಗಿ ಬದಲಿಸಿ. ಬಾಟಲಿ ಮದ್ದು ಗಟ್ಟಿಯಾದ ರಬ್ಬರನ್ನು ಸ್ವಲ್ಪ ದಿನ ಮೆತ್ತಗೆ ಮಾಡೀತು. ಹರಿದ ಸೀಲನ್ನು ಹೊಲಿಯುವುದಿಲ್ಲ.