ಅಆಇಈ ಬಾಯಿಪಾಠ ಬರುತ್ತೆ, ಪದ ಓದಲು ಬರಲ್ಲ. ಐದು ವರ್ಷದ ಮಗುವಿಗೆ ಮನೆಯಲ್ಲೇ ಕನ್ನಡ ಓದು ಕಲಿಸುವುದು ಹೇಗೆ?

ನಿಮ್ಮ ಮಗಳಿಗೆ ಐದು ತುಂಬಿದೆ, ಇಂಗ್ಲಿಷ್ ಮೀಡಿಯಂ ಶಾಲೆ, "ಅ ಅರಸ, ಆ ಆನೆ" ಅಂತ ಶುರು ಮಾಡಿ ಕೊನೆಯವರೆಗೂ ಒಪ್ಪಿಸುತ್ತಾಳೆ, ಆದರೆ ಎದುರಿಗೆ ಒಂದು ಪದ ಬರೆದರೆ ಸುಮ್ಮನೆ ನಿಲ್ಲುತ್ತಾಳೆ ಎಂದಿದ್ದೀರಿ. ಈಗ ಕಾಗುಣಿತವನ್ನೂ ಬಾಯಿಪಾಠ ಮಾಡಿಸಬೇಕಾ, ಇಂಗ್ಲಿಷ್ ಜೊತೆಗೆ ಗೊಂದಲ ಆಗುತ್ತಾ ಅಂತ ಕೇಳಿದ್ದೀರಿ. ಬಾಯಿಪಾಠ ಸದ್ಯಕ್ಕೆ ಬೇಡ. ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ನಲಿಕಲಿ (ಕಾರ್ಡು, ಚಟುವಟಿಕೆಗಳ ಮೂಲಕ ಚಿಕ್ಕ ಮಕ್ಕಳಿಗೆ ಕಲಿಸುವ ಪದ್ಧತಿ) ತರಗತಿಯ ಶಿಕ್ಷಕಿ. ನಿಮ್ಮ ಮಗಳಂಥ ಮಕ್ಕಳು ಪ್ರತಿ ಜೂನ್‌ನಲ್ಲೂ ನಮ್ಮ ಕೋಣೆಗೆ ಬರುತ್ತಾರೆ. ಅವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಹಾಡು ಬಂದಿರುತ್ತದೆ, ಓದು ಇನ್ನೂ ಶುರುವಾಗಿರುವುದಿಲ್ಲ, ಅಷ್ಟೇ.

ಬೇಕಾದರೆ ಗೋಡೆಯ ಚಾರ್ಟ್‌ನಲ್ಲಿ ಚಿತ್ರಗಳನ್ನೆಲ್ಲ ಕೈಯಿಂದ ಮುಚ್ಚಿ, ನಡುವೆ ಎಲ್ಲೋ ಇರುವ ‘ದ’ ತೋರಿಸಿ ಕೇಳಿ. ತುಂಬಾ ಮಕ್ಕಳು ಮತ್ತೆ ಮೊದಲಿಂದ ಹೇಳಿಕೊಂಡು ಬಂದು ಅಲ್ಲಿಗೆ ತಲುಪುತ್ತಾರೆ. ಅಂದರೆ ಅವರು ಅಕ್ಷರವನ್ನು ನೋಡಿಯೇ ಇಲ್ಲ.

ತೊಡಕು ಇರುವುದು ನಾವು ಕಲಿಸುವ ಸಾಲಿನಲ್ಲಿ. ವರ್ಣಮಾಲೆಯಲ್ಲಿ 49 ಅಕ್ಷರ. ಮೊದಲ 13 ಸ್ವರ ಕಲಿತು ಮುಗಿಸಿದರೂ ಮಗು ಓದಬಹುದಾದ ಪದ ಅಂದರೆ ‘ಆ’, ‘ಈ’, ಇಂಥವು ಮಾತ್ರ. ಮುಂದೆ ಙ, ಞ ಬರುತ್ತವೆ. ಅವು ಬಿಡಿಯಾಗಿ ಬರುವ ಪದ ಮಗುವಿನ ಲೋಕದಲ್ಲೇ ಇಲ್ಲ. ತಿಂಗಳುಗಟ್ಟಲೆ ಅಕ್ಷರ ಕಲಿತೂ ಒಂದು ಪದ ಓದಿದ ಖುಷಿ ಸಿಗದಿದ್ದರೆ ದೊಡ್ಡವರಿಗೂ ಬೇಜಾರಾಗುತ್ತದೆ, ಅಲ್ವಾ? ವರ್ಣಮಾಲೆಯ ಕ್ರಮ ಬಹಳ ಚೆಂದದ್ದು, ನನಗೆ ಅದರ ಮೇಲೆ ಗೌರವವಿದೆ. ಆದರೆ ಅದು ಓದು ಬಂದ ಮೇಲೆ ಜೋಡಿಸಿಕೊಳ್ಳುವ ಕ್ರಮ.

ನಲಿಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಶಾಲೆಗಳ ಕಾರ್ಡು, ಕಲಿಕೆಯ ಏಣಿ (ಯಾವುದಾದ ಮೇಲೆ ಯಾವುದು ಅಂತ ಮೆಟ್ಟಿಲಾಗಿ ಜೋಡಿಸಿದ ಪಾಠದ ಕ್ರಮ) ನೋಡಿ ಬಂದು, ನಮ್ಮ ಮಕ್ಕಳಿಗೆ ಹೊಂದುವಂತೆ ಮಾಡಿಕೊಂಡರು. ಅದರಲ್ಲಿ ಮೊದಲು ಬರುವುದು ಅ, ಆ ಅಲ್ಲ. ರ, ಗ, ಸ, ದ, ಅ. ಯಾಕೆ ಗೊತ್ತಾ? ಈ ಐದೇ ಅಕ್ಷರದಲ್ಲಿ ಸರ, ರಸ, ದರ, ಅರಸ, ಅಗಸ, ಗರಗಸ, ಸರಸರ, ಗರಗರ ಎಲ್ಲ ಆಗುತ್ತವೆ. ಕಾಗುಣಿತ ಬೇಡ, ಒತ್ತು ಬೇಡ. ನೀವೂ ಇಲ್ಲಿಂದಲೇ ಶುರು ಮಾಡಿ. ಹಳೆಯ ಕ್ಯಾಲೆಂಡರ್‌ನ ಹಿಂಬದಿಯಲ್ಲಿ ಈ ಐದನ್ನು ದಪ್ಪಗೆ ಬರೆದು ಕತ್ತರಿಸಿ, ಒಂದೊಂದು ಅಕ್ಷರಕ್ಕೂ ಎರಡೆರಡು ಚೀಟಿ ಇರಲಿ. ಸ ಮತ್ತು ರ ಪರಿಚಯವಾದ ದಿನವೇ ಎರಡನ್ನೂ ಪಕ್ಕಪಕ್ಕ ಇಟ್ಟು ‘ಸರ’ ಓದಿಸಿ, ನಿಮ್ಮ ಕತ್ತಿನ ಸರ ತೋರಿಸಿ. ಅದಲುಬದಲು ಮಾಡಿದರೆ ‘ರಸ’.

ಹೋದ ವರ್ಷ ಬಡಗಿಯೊಬ್ಬರ ಮಗ ನಮ್ಮಲ್ಲಿದ್ದ. ಮಾತೇ ಆಡದ ಹುಡುಗ. ಕೆಳಗೆ ಚೀಟಿ ಜೋಡಿಸಿಕೊಂಡು "ಗ... ರ... ಗ... ಸ..." ಅಂದ. ಮತ್ತೆ ಹೇಳಿದ, ಸ್ವಲ್ಪ ಬೇಗ. ಮೂರನೇ ಸಲ ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ಆಮೇಲೆ ತಲೆಯೆತ್ತಿ, "ಮಿಸ್, ಗರಗಸ! ನಮ್ಮಪ್ಪಂದು!" ಅಂದ. ನಾಲ್ಕು ಸದ್ದು ಸೇರಿ ಒಂದು ವಸ್ತುವಾಗುವ ಆ ಗಳಿಗೆಯನ್ನೇ ನಾವು ಕಾಯಬೇಕು. ಅವನು ತಡವರಿಸುವಾಗ ನಾನು ಬಾಯಿ ಹಾಕಿ ಹೇಳಿಬಿಟ್ಟಿದ್ದರೆ ಅದು ನನ್ನ ಪದವಾಗುತ್ತಿತ್ತು. ನೀವೂ ತಡೆದುಕೊಳ್ಳಿ. ಮನೆಯಲ್ಲಿ ಅಜ್ಜಿ, ತಾತ ಇದ್ದರೆ ಅವರಿಗೂ ಮೊದಲೇ ಹೇಳಿಟ್ಟಿರಿ, ಪ್ರೀತಿಗೆ ಅವರೇ ಜಾಸ್ತಿ ಬಾಯಿ ಹಾಕುವುದು.

ಇವು ಗಟ್ಟಿಯಾದ ಮೇಲೆ ಜ, ವ, ಮ, ಬ, ನ ಸೇರಿಸಿ. ಮರ, ದನ, ಜನ, ಬಸವ, ಮಗ ಎಲ್ಲ ಬರುತ್ತವೆ. ‘ಬಸವನ ದನ’ ಅಂತ ಎರಡು ಪದ ಒಟ್ಟಿಗೆ ಓದಬಹುದು. ಸ ಮತ್ತು ನ ನೋಡಲು ಹತ್ತಿರ, ಮ ಮತ್ತು ಆಮೇಲೆ ಬರುವ ಯ ಕೂಡ. ಅಂಥವನ್ನು ಒಟ್ಟಿಗಿಟ್ಟು "ಎಲ್ಲಿ ಬೇರೆ ಇದೆ ತೋರಿಸು" ಅನ್ನಿ. ಬೆರಳಿಟ್ಟು ಅವಳೇ ತೋರಿಸಲಿ. ಮಹಾಪ್ರಾಣಗಳಿಗೆ ಅವಸರ ಬೇಡ. ನಮ್ಮ ದಿನದ ಮಾತಿನಲ್ಲಿ ದ, ಧ ವ್ಯತ್ಯಾಸ ಅಷ್ಟಾಗಿ ಕೇಳಿಸುವುದೇ ಇಲ್ಲ. ಕಿವಿಗೆ ಕೇಳದ್ದನ್ನು ಕಣ್ಣು ಹಿಡಿಯುವುದು ಕಷ್ಟ.

ಕಾಗುಣಿತ ಕೂಡ ಹೀಗೇ. ಕ ಕಾ ಕಿ ಕೀ ಅಂತ ಉದ್ದಕ್ಕೆ ಹೇಳಿಸಿದರೆ ಮತ್ತೊಂದು ಹಾಡಾಗುತ್ತದೆ. ಒಂದು ಸಲಕ್ಕೆ ಒಂದೇ ಚಿಹ್ನೆ ಹಿಡಿಯಿರಿ. ಮೊದಲು ‘ಕಾ’ದಲ್ಲಿರುವ ಇಳಿ: ಮರ ಇದ್ದದ್ದು ಮಾರ, ದನ ಇದ್ದದ್ದು ದಾನ, ಸರ ಇದ್ದದ್ದು ಸಾರ. ಒಂದು ಗೆರೆ ಸೇರಿದ ಕೂಡಲೇ ಬಾಯಿ ಎಷ್ಟು ಹೊತ್ತು ತೆರೆದಿರಬೇಕು ಅಂತ ಮಗುವಿಗೆ ತಾನಾಗಿಯೇ ತಿಳಿಯುತ್ತದೆ. ಆಮೇಲೆ ‘ಕಿ’ಯಲ್ಲಿರುವ ಗುಡಿಸು: ನರಿ, ಮರಿ, ಗಿರಗಿರ. ಆಮೇಲೆ ‘ಕು’ವಿನಲ್ಲಿರುವ ಕೊಂಬು: ಗುರು, ಮಗು. ಏತ್ವ, ಓತ್ವ ನಿಧಾನಕ್ಕೆ ಬರಲಿ.

ಇನ್ನೊಂದು ಮಾತು, ಇದರ ಬಗ್ಗೆ ನನಗೆ ತುಂಬಾ ಕಾಳಜಿ. ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜಿ, ಅನ್ನ. ಮಗುವಿಗೆ ಅತಿ ಹತ್ತಿರದ ಈ ಪದಗಳಲ್ಲೆಲ್ಲ ಒತ್ತಕ್ಷರ ಇದೆ. ಪಾಠದ ಕ್ರಮದಲ್ಲಿ ಒತ್ತಕ್ಷರ ಬರುವುದು ಎಲ್ಲದಕ್ಕಿಂತ ಕೊನೆಗೆ. ಅಲ್ಲಿಯವರೆಗೆ ‘ಅಮ್ಮ’ ಓದಬಾರದು ಅಂದರೆ ಯಾವ ನ್ಯಾಯ? ಅಂಥ ಪದಗಳನ್ನು ಬಿಡಿಸಿ ಹೇಳಲು ಹೋಗದೆ, ಇಡಿಯಾಗಿಯೇ ಪರಿಚಯ ಮಾಡಿಸಿ. ಚೀಟಿಯಲ್ಲಿ ಬರೆದು ಯಾರ ತಟ್ಟೆ ಯಾವುದು ಅಂತ ಊಟದ ಹೊತ್ತಿಗೆ ಅವಳಿಂದಲೇ ಇಡಿಸಿ. ಅವಳ ಹೆಸರಿನ ಚೀಟಿಯೂ ಇರಲಿ. ಬೆಳಿಗ್ಗೆ ಬರುವ ಹಾಲಿನ ಪ್ಯಾಕೆಟ್ ಮೇಲಿನ ‘ನಂದಿನಿ’ಯನ್ನು ಎಷ್ಟೋ ಮಕ್ಕಳು ಅಕ್ಷರ ಗೊತ್ತಿಲ್ಲದೆಯೇ ಗುರುತು ಹಿಡಿಯುತ್ತಾರೆ. ಅದೂ ಓದಿನ ಮೊದಲ ಮೆಟ್ಟಿಲೇ. ಬೀದಿಗೆ ಹೋದಾಗ ಬಸ್ಸಿನ ಬೋರ್ಡು, ಅಂಗಡಿ ಬೋರ್ಡು ನೋಡಿಸಿ. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂದ ಮೇಲೆ ಬೆಂಗಳೂರಿನಲ್ಲೂ ಇದಕ್ಕೆ ಅವಕಾಶ ಹೆಚ್ಚಿದೆ. ಪೂರ್ತಿ ಬೋರ್ಡು ಓದಬೇಕಿಲ್ಲ, "ಇಲ್ಲಿ ‘ಗ’ ಎಲ್ಲಿದೆ?" ಅಂದರೆ ಸಾಕು.

ಮುಂದೆ ಒತ್ತಕ್ಷರ ಬಿಡಿಸಿ ಕಲಿಸುವಾಗ ಅಕ್ಕ, ಅಜ್ಜ, ಅಪ್ಪ ಮೊದಲು ತೆಗೆದುಕೊಳ್ಳಿ. ಅಲ್ಲಿ ಕೆಳಗಿನ ಒತ್ತು ಮೇಲಿನ ಅಕ್ಷರವನ್ನೇ ಹೋಲುತ್ತದೆ. ತ, ನ, ಮ, ಯ, ರ ಒತ್ತುಗಳ ಆಕಾರವೇ ಬೇರೆ, ಅವನ್ನು ಒಂದೊಂದಾಗಿ ತೋರಿಸಬೇಕು. ಅರ್ಕಾವತ್ತು ಕೊನೆಗೆ ಇರಲಿ. ಆ ‘ರ್’ ಸದ್ದನ್ನು ಬರೆಯುವುದು ಮುಂದಿನ ಅಕ್ಷರ ಆದ ಮೇಲೆ, ಹೇಳುವುದು ಅದಕ್ಕಿಂತ ಮೊದಲು. ಅದಕ್ಕೇ ಕರ್ನಾಟಕವನ್ನು ಮಕ್ಕಳು ‘ಕನಾರ್ಟಕ’ ಅಂತ ಓದುತ್ತಾರೆ. ಗದರಬೇಡಿ, ಅವರು ಕಂಡದ್ದನ್ನು ಕಂಡ ಕ್ರಮದಲ್ಲೇ ಓದುತ್ತಿದ್ದಾರೆ.

ಬರವಣಿಗೆಯನ್ನು ಓದಿಗೆ ಗಂಟು ಹಾಕಬೇಡಿ. ಐದು ವರ್ಷದ ಬೆರಳಿಗೆ ಪೆನ್ಸಿಲ್ ಇನ್ನೂ ಭಾರ. ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ ಬೆರಳಲ್ಲಿ ತಿದ್ದಿಸಿ. ದಿನಕ್ಕೆ 10 ನಿಮಿಷ ಸಾಕು, ಅವಳು ಸಾಕು ಅನ್ನುವ ಮೊದಲೇ ನಿಲ್ಲಿಸಿ.

ಇದರ ಜೊತೆಗೆ ರಾತ್ರಿ ಒಂದು ಕಥೆ ನೀವೇ ಓದಿ ಹೇಳಿ, ಪದದ ಕೆಳಗೆ ಬೆರಳು ಆಡಿಸುತ್ತಾ. ಆ ಹೊತ್ತಿನಲ್ಲಿ "ಇದು ಯಾವ ಅಕ್ಷರ ಹೇಳು" ಅಂತ ಕೇಳಬೇಡಿ, ಕಥೆ ಕಥೆಯಾಗಿಯೇ ಇರಲಿ. ಪುಸ್ತಕಕ್ಕೆ ಖರ್ಚು ಮಾಡಲೇಬೇಕು ಅಂತಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಒಂದನೇ ಹಂತದವುಗಳಲ್ಲಿ ಪುಟಕ್ಕೆ ಕೆಲವೇ ಪದ ಇರುತ್ತವೆ. ಪ್ರಿಂಟ್ ತೆಗೆದುಕೊಟ್ಟರೆ ಇನ್ನೂ ಒಳ್ಳೆಯದು, ಮಕ್ಕಳಿಗೆ ಪುಟ ತಿರುಗಿಸಬೇಕು.

ಇಂಗ್ಲಿಷ್ ಬಗ್ಗೆ ಹೆದರಬೇಡಿ. ಎರಡು ಲಿಪಿ ಒಟ್ಟಿಗೆ ಕಲಿಯುವುದು ಮಕ್ಕಳಿಗೆ ಹೊರೆಯಲ್ಲ. ಸದ್ದು ಸೇರಿಸಿ ಪದ ಮಾಡುವುದು ಒಂದು ಕಡೆ ಬಂದರೆ ಇನ್ನೊಂದು ಕಡೆಗೂ ನೆರವಾಗುತ್ತದೆ. ಆದರೆ ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಮಾತ್ರ ಓದಿಸಬೇಡಿ. ವಾಟ್ಸಾಪ್‌ನಲ್ಲಿ ನಾವು ಬರೆಯುವ ಹಾಗೆ ಬರೆದರೆ ಮರ, ಮಾರ ಎರಡೂ ಒಂದೇ ಥರ ಕಾಣುತ್ತವೆ. ಇಷ್ಟು ದಿನ ಕಷ್ಟಪಟ್ಟು ಕಲಿಸಿದ ಇಳಿಗೆ ಅಲ್ಲಿ ಜಾಗವೇ ಇರುವುದಿಲ್ಲ.