ವೈರ್ ಮಧ್ಯೆ ಒಂದು ಸ್ವಿಚ್: ಆರಿದ ಲ್ಯಾಂಪಿನಲ್ಲೂ ಕರೆಂಟ್ ಇರಬಹುದು

ಪ್ರಶ್ನೆ: ಸರ್, ನಮ್ಮ ಅತ್ತೆಯವರಿಗೆ 74 ವರ್ಷ. ಮಂಚದ ಪಕ್ಕ ಟೇಬಲ್ ಲ್ಯಾಂಪ್ ಇದೆ, ಆದರೆ ಸ್ವಿಚ್ ಬೋರ್ಡ್ ಬೀರುವಿನ ಹಿಂದೆ. ರಾತ್ರಿ ಎದ್ದರೆ ಕತ್ತಲೆಯಲ್ಲಿ ತಡಕಾಡುತ್ತಾರೆ. ಲ್ಯಾಂಪಿನ ವೈರ್ ಮಧ್ಯೆ ಕೈಗೆ ಸಿಗುವ ಹಾಗೆ ಒಂದು ಸ್ವಿಚ್ ಹಾಕೋಣ ಅಂದುಕೊಂಡಿದ್ದೇವೆ. ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ಕಾಲೇಜಿನ 3ಡಿ ಪ್ರಿಂಟರಿನಲ್ಲಿ ಅದಕ್ಕೊಂದು ಡಬ್ಬಿ ಮಾಡಿಕೊಂಡು ಬರುತ್ತಾನಂತೆ. ನಮ್ಮ ಯಜಮಾನರು "ಒಂದು ವೈರ್ ಕಟ್ ಮಾಡಿ ಸ್ವಿಚ್ ಸೇರಿಸಿದ್ರೆ ಆಯ್ತಪ್ಪ, ಅದಕ್ಕೇನು ಡಿಸೈನು" ಅಂತ ನಗುತ್ತಾರೆ. ಯಾರು ಸರಿ?
– ಓದುಗರೊಬ್ಬರು, ಹನುಮಂತನಗರ

ಉತ್ತರ: ನಿಮ್ಮ ಯಜಮಾನರು ಹೇಳಿದ ಹಾಗೆ ಮಾಡಿದರೂ ಲ್ಯಾಂಪ್ ಹತ್ತುತ್ತದೆ, ಆರುತ್ತದೆ. ಮೋಸ ಆಗುವುದೇ ಅಲ್ಲಿ. ಲ್ಯಾಂಪ್ ಆರಿತು ಅಂದ ಮಾತ್ರಕ್ಕೆ ಅದರೊಳಗೆ ಕರೆಂಟ್ ಇಲ್ಲ ಅಂತಲ್ಲ.

ವೈರಿನೊಳಗೆ ಎರಡು ತಂತಿ, ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಶಾಕ್ ಹೊಡೆಯುವ 230 ವೋಲ್ಟ್ ಇರುವುದು ಫೇಸಿನಲ್ಲಿ. ಎರಡರಲ್ಲಿ ಯಾವುದನ್ನು ಕತ್ತರಿಸಿದರೂ ಬಲ್ಬ್ ಆರುತ್ತದೆ. ಆದರೆ ನೀವು ಕತ್ತರಿಸಿದ್ದು ನ್ಯೂಟ್ರಲ್ ಆಗಿದ್ದರೆ ಫೇಸ್ ಹೋಲ್ಡರಿನ ತನಕ ಬಂದು ಕಾಯುತ್ತಾ ಕೂತಿರುತ್ತದೆ. ನಮ್ಮ ಪಿನ್ ಹೋಲ್ಡರಿನ ಒಳಗೆ ಒಮ್ಮೆ ಇಣುಕಿ ನೋಡಿ (ಪ್ಲಗ್ ಕಿತ್ತ ಮೇಲೆ!). ಸ್ಪ್ರಿಂಗಿನ ಮೇಲೆ ಎರಡು ಪುಟ್ಟ ಹಿತ್ತಾಳೆ ಮೊಳೆ ಎದ್ದು ನಿಂತಿರುತ್ತವೆ, ಬಲ್ಬ್ ತೆಗೆದ ತಕ್ಷಣ ಬೆರಳಿಗೆ ಸಿಗುವಷ್ಟು ಹತ್ತಿರ.

ಹಾಗಾದರೆ ಟೆಸ್ಟರ್ ಹಿಡಿದು ಫೇಸ್ ಯಾವುದು ಅಂತ ನೋಡಿಯೇ ಕತ್ತರಿಸುತ್ತೇವೆ ಅಂತೀರಿ. ನಿಮ್ಮದು ಎರಡು ಪಿನ್ನಿನ ಪ್ಲಗ್ ಅಲ್ವಾ? ನಾಳೆ ಯಾರೋ ಕಸ ಗುಡಿಸುವಾಗ ಅದನ್ನು ಕಿತ್ತು, ಆಮೇಲೆ ತಿರುಗಿಸಿ ಚುಚ್ಚುತ್ತಾರೆ. ಅಲ್ಲಿಗೆ ಫೇಸ್ ಇದ್ದ ಜಾಗಕ್ಕೆ ನ್ಯೂಟ್ರಲ್ ಬಂತು. ಮೂರು ಪಿನ್ ಇದ್ದರೂ ಪೂರ್ತಿ ನಂಬುವ ಹಾಗಿಲ್ಲ. ಸಾಕೆಟ್ ಎದುರು ನಿಂತರೆ ಮೇಲೆ ಅರ್ತ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್ ಇರಬೇಕು. ನಾನು ಮೊದಲು ಬಾಡಿಗೆಗಿದ್ದ ಮನೆಯಲ್ಲಿ ಹಾಲಿನ ಸಾಕೆಟ್ ಸರಿ ಇತ್ತು, ಅಡುಗೆಮನೆಯದು ಉಲ್ಟಾ, ರೂಮಿನಲ್ಲಿ ಅರ್ತ್ ತೂತು ಸುಮ್ನೆ ಅಲಂಕಾರಕ್ಕೆ.

ಅದಕ್ಕೇ ಇಂಥ ಕಡೆ ಡಬಲ್ ಪೋಲ್ ಸ್ವಿಚ್ ಹಾಕಿ. ಒಂದೇ ಒತ್ತಿಗೆ ಎರಡೂ ತಂತಿ ಕತ್ತರಿಸಬೇಕು. ಪ್ಲಗ್ ಹೇಗೇ ಚುಚ್ಚಿರಲಿ, ಆಫ್ ಅಂದರೆ ಆಫ್. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ನಾಲ್ಕು ಕಾಲಿನ (ತಂತಿ ಸೇರಿಸುವ ಲೋಹದ ತುದಿಗಳೇ ಕಾಲು) ರಾಕರ್ ಸ್ವಿಚ್ ಕೇಳಿ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುವಂಥದ್ದು. ಎರಡು ಕಾಲಿನದು ಒಂದೇ ತಂತಿ ಕತ್ತರಿಸುತ್ತದೆ. ಮೂರು ಕಾಲಿನ, ಒಳಗೆ ಕೆಂಪು ಲೈಟಿರುವುದೂ ಸಾಮಾನ್ಯವಾಗಿ ಅಷ್ಟೇ, ಮೂರನೇ ಕಾಲು ಆ ಲೈಟಿಗೆ. ಮನೆಗೆ ತಂದ ಮೇಲೆ ಮಗನ ಮಲ್ಟಿಮೀಟರನ್ನು, ಸಂಪರ್ಕ ಇದ್ದರೆ "ಬೀಪ್" ಅನ್ನುವ ಕಡೆಗೆ ಇಟ್ಟು ನೋಡಿ: ಆನ್ ಮಾಡಿದಾಗ ಎರಡು ಜೋಡಿಯೂ ಕೂಗಬೇಕು, ಆಫ್ ಮಾಡಿದಾಗ ಎರಡೂ ಸುಮ್ಮನಾಗಬೇಕು.

ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. ನಮ್ಮ ಅಜ್ಜಿಯ ಮಂಚದ ತಲೆಕಡೆ ಒಂದು ಬೆಡ್ ಸ್ವಿಚ್ ನೇತಾಡುತ್ತಿತ್ತು, ಕಂದು ಬೇಕಲೈಟಿನದು, ಆಕಾರ ಥೇಟ್ ಗುಂಡು ಬದನೆಕಾಯಿ. ಬಲ್ಬ್ ಹೋಗಿತ್ತು, ನಾನು ಸ್ವಿಚ್ ಆಫ್ ಮಾಡಿಯೇ ಸ್ಟೂಲ್ ಹತ್ತಿದೆ. ಹೋಲ್ಡರಿಗೆ ಬೆರಳು ತಾಗಿದ್ದಷ್ಟೇ ಗೊತ್ತು, ಆಮೇಲೆ ನಾನು ನೆಲದ ಮೇಲಿದ್ದೆ. ಬಿಚ್ಚಿ ನೋಡಿದರೆ ಸ್ವಿಚ್ ಇದ್ದದ್ದು ನ್ಯೂಟ್ರಲಿನಲ್ಲಿ! ಅಜ್ಜಿ ವರ್ಷಗಟ್ಟಲೆ ಅದನ್ನು ಒತ್ತಿ ಆರಾಮಾಗಿ ನಿದ್ದೆ ಮಾಡಿದ್ದರು. ಡಬಲ್ ಪೋಲ್ ಹಾಕಿದ ಮೇಲೂ ಬಲ್ಬ್ ಬದಲಾಯಿಸುವಾಗ ಪ್ಲಗ್ ಕೀಳುವ ಅಭ್ಯಾಸ ಬಿಡಬೇಡಿ.

ಅದೇ ಬದನೆಕಾಯಿಯಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ವೈರ್ ಒಳಗೆ ಹೋಗುವ ಕತ್ತಿನ ಹತ್ತಿರ ಕಪ್ಪು ಟೇಪ್ ಸುತ್ತಿತ್ತು. ಬಿಚ್ಚಿದರೆ ಪ್ಲಾಸ್ಟಿಕ್ ಬಿರುಕು ಬಿಟ್ಟು ತಾಮ್ರದ ಎಳೆಗಳು ಕಾಣುತ್ತಿದ್ದವು. ವೈರ್ ಮಧ್ಯದ ಸ್ವಿಚ್ ಬಹಳ ಸಲ ಹಾಳಾಗುವುದು ಇದೇ ಜಾಗದಲ್ಲಿ, ಬಟನ್ನಿನಲ್ಲಲ್ಲ. ಗೋಡೆಯ ಸ್ವಿಚ್ ಒಂದು ಕಡೆ ಕೂತಿರುತ್ತದೆ, ಇದನ್ನು ಮಾತ್ರ ಎಳೆಯುತ್ತಾರೆ, ತಿರುಚುತ್ತಾರೆ, ಮಂಚದ ಕಾಲಿಗೆ ಸಿಕ್ಕಿಸುತ್ತಾರೆ, ಕೆಳಗೆ ಬೀಳಿಸುತ್ತಾರೆ. ಆ ಎಳೆತವೆಲ್ಲ ಒಳಗಿನ ಸ್ಕ್ರೂ ಮೇಲೆ ಬಿದ್ದರೆ ಒಂದು ದಿನ ತಂತಿ ಕಿತ್ತುಕೊಂಡು ಪಕ್ಕದ ತಂತಿಗೆ ತಾಗುತ್ತದೆ. ಡಬ್ಬಿಯ ಎರಡೂ ತುದಿಯಲ್ಲಿ ವೈರನ್ನು ಕಚ್ಚಿ ಹಿಡಿಯುವ ಪಟ್ಟಿ ಇರಬೇಕು, ಅದು ಹಿಡಿಯಬೇಕಾದ್ದು ಹೊರಗಿನ ದಪ್ಪ ಕವಚವನ್ನು, ಒಳಗಿನ ಬಣ್ಣದ ತಂತಿಗಳನ್ನಲ್ಲ. ಹೊರಗಿನಿಂದ ನೋಡಿದರೆ ಕಂದು, ನೀಲಿ ಬಣ್ಣ ಕಾಣಲೇಬಾರದು. ಬಾಯಿಯ ಅಂಚು ಚೂಪಾಗಿರಬಾರದು, ವೈರ್ ಬಾಗುವ ಕಡೆ ಒಂದು ರಬ್ಬರ್ ಕೊಳವೆ ಇದ್ದರೆ ಒಳ್ಳೆಯದು.

ಮುಗಿದ ಮೇಲೆ ನಾನು ಮಾಡುವ ಪರೀಕ್ಷೆ ಇದು. ಪ್ಲಗ್ ಕಿತ್ತಿರಬೇಕು. ವೈರ್ ಡಬ್ಬಿಯೊಳಗೆ ಹೋಗುವ ಕಡೆ, ಸರಿಯಾಗಿ ಬಾಯಿ ಹತ್ತಿರ, ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಡಬ್ಬಿಯನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದು 5 ಕೆಜಿ ಅಕ್ಕಿ ಚೀಲವನ್ನು ಆ ವೈರಿಗೆ ಕಟ್ಟಿ ಇಳಿಬಿಡಿ, ಒಂದು ನಿಮಿಷ. ಹತ್ತಿಪ್ಪತ್ತು ಸಲ ಎತ್ತಿ ಇಳಿಸಿ. ಗೆರೆ 2 ಮಿಲಿಮೀಟರಿಗಿಂತ ಜಾಸ್ತಿ ಹೊರಗೆ ಬಂದಿದ್ದರೆ ಪಟ್ಟಿ ಸರಿಯಾಗಿ ಹಿಡಿದಿಲ್ಲ. ಇನ್ನೊಂದು ತುದಿಗೂ ಹೀಗೇ ಮಾಡಿ. ಒಳಗೆ ಗಂಟು ಹಾಕಿ ಸುಧಾರಿಸಿಕೊಳ್ಳುವುದು ಹಳೇ ಕಾಲದ ಉಪಾಯ, ನನಗೆ ಅದರ ಮೇಲೆ ನಂಬಿಕೆ ಇಲ್ಲ.

ಲ್ಯಾಂಪಿನ ಮೈ ಲೋಹದ್ದೇ? ಹಾಗಿದ್ದರೆ ಮೂರು ತಂತಿಯ ವೈರ್, ಮೂರು ಪಿನ್ನಿನ ಪ್ಲಗ್ ಬೇಕು. ಹಸಿರು-ಹಳದಿ ಅರ್ತ್ ತಂತಿಯನ್ನು ಸ್ವಿಚ್ಚಿಗೆ ಕೊಡಬಾರದು, ಕತ್ತರಿಸದೆ ಡಬ್ಬಿಯೊಳಗಿಂದ ಹಾಗೇ ದಾಟಿಸಿ. ಒಳಗೆ ಅದಕ್ಕೆ ಉಳಿದ ಎರಡಕ್ಕಿಂತ ಸ್ವಲ್ಪ ಜಾಸ್ತಿ ಉದ್ದ ಬಿಡಿ. ಯಾವತ್ತೋ ವೈರ್ ಕಿತ್ತು ಬಂದರೂ ಫೇಸ್ ಮೊದಲು ಕಿತ್ತುಹೋಗಲಿ, ಅರ್ತ್ ಎಲ್ಲಕ್ಕಿಂತ ಕೊನೆಗೆ.

ಈಗ ಮಗನ ಡಬ್ಬಿ. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಪ್ರಿಂಟ್ ಮಾಡುವುದು ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ. ಅದು 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ, ಬೆಂಕಿ ತಾಗಿದರೆ ಉರಿಯುತ್ತದೆ. ಒಳಗೆ ಒಂದು ಸ್ಕ್ರೂ ಸಡಿಲ ಆದರೆ ಸಾಕು, ಆ ಜಾಗ ಬಿಸಿಯಾಗುತ್ತದೆ, ಮೆತ್ತಗಾದ ಡಬ್ಬಿ ವೈರ್ ಮೇಲಿನ ಹಿಡಿತ ಬಿಡುತ್ತದೆ, ಅದೂ ಹಾಸಿಗೆ ಪಕ್ಕದಲ್ಲಿ. ಬೇಡ. ಆದರೆ ಹುಡುಗನ ಉತ್ಸಾಹಕ್ಕೆ ತಣ್ಣೀರು ಎರಚಬೇಡಿ, ಪ್ರಿಂಟರಿನಿಂದ ಒಳ್ಳೆಯ ಕೆಲಸ ಒಂದಿದೆ. ಕರೆಂಟ್ ಇಲ್ಲದ ಬರೀ ಮಾದರಿಗಳನ್ನು ಮೂರ್ನಾಲ್ಕು ಅಳತೆಯಲ್ಲಿ ಮಾಡಿ ಅತ್ತೆಯವರ ಕೈಗೆ ಕೊಡಿ. ಲೈಟ್ ಆರಿಸಿ, ಮಲಗಿಸಿ, ಹುಡುಕಲು ಹೇಳಿ. ಗಂಟು ನೋವಿರುವ ಬೆರಳಿಗೆ ಆ ಸಣ್ಣ ಚಕ್ರ ತಿರುಗಿಸುವ ಸ್ವಿಚ್ ಶಿಕ್ಷೆ, ಅಗಲವಾದ ರಾಕರ್ ಆದರೆ ಅಂಗೈಯಲ್ಲೂ ಒತ್ತಬಹುದು. ಯಾವ ಅಳತೆ ಹಿಡಿಸಿತು ಅಂತ ಗೊತ್ತಾದ ಮೇಲೆ ಹೆಚ್ಚುಕಡಿಮೆ ಅಷ್ಟೇ ದೊಡ್ಡದಿರುವ, ಸುಲಭವಾಗಿ ಉರಿಯದ ಪ್ಲಾಸ್ಟಿಕ್ಕಿನ ರೆಡಿ ಡಬಲ್ ಪೋಲ್ ಕಾರ್ಡ್ ಸ್ವಿಚ್ (ವೈರ್ ಮಧ್ಯೆ ಕೂರಿಸುವ ಸ್ವಿಚ್) ತನ್ನಿ. ಐಇಸಿ 61058 ಅನ್ನುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಕಾರ್ಡ್ ಸ್ವಿಚ್ಚಿಗೆ ಅಂತಲೇ ಒಂದು ಪ್ರತ್ಯೇಕ ಭಾಗವಿದೆ, ಮೈಮೇಲೆ ಆ ನಂಬರ್ ಇದೆಯಾ ನೋಡಿ.

ಒತ್ತಿದಾಗ ಅದು "ಟಕ್" ಅನ್ನಬೇಕು. ನಿಧಾನವಾಗಿ ಒತ್ತಿದರೂ ಒಳಗಿನ ಸ್ಪ್ರಿಂಗ್ ಒಂದೇ ಏಟಿಗೆ ಸಂಪರ್ಕ ಬಿಡಿಸಬೇಕು, ಇಲ್ಲದಿದ್ದರೆ ಕಿಡಿ ಹತ್ತಿಕೊಂಡು ಲೋಹವನ್ನು ಸುಡುತ್ತದೆ. ಇದು ಹೊಸ ಬುದ್ಧಿಯೇನಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾನ್ ಹೆನ್ರಿ ಹೋಮ್ಸ್ ಈ ಥರದ ಸ್ವಿಚ್ ಕಂಡುಹಿಡಿದದ್ದು 1884ರಲ್ಲಿ, ನಮ್ಮ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ.

ಜೋಡಿಸುವಾಗ ತಂತಿಯ ತುದಿಗೆ ಬೆಸುಗೆ ಹಾಕಿ ಸ್ಕ್ರೂ ಕೆಳಗೆ ಇಡಬೇಡಿ. ಗಟ್ಟಿ ಕೂತ ಹಾಗೆ ಕಾಣುತ್ತದೆ, ಆದರೆ ಬೆಸುಗೆಯ ಲೋಹ ಒತ್ತಡಕ್ಕೆ ಮೆಲ್ಲಗೆ ಹರಡಿ ಸ್ಕ್ರೂ ಸಡಿಲವಾಗುತ್ತದೆ. ಲಗ್ (ತಂತಿಯ ತುದಿಗೆ ತೊಡಿಸುವ ಪುಟ್ಟ ಲೋಹದ ತುಂಡು) ಹಾಕಿ ಒತ್ತಿಸಿ. ಇನ್ನು ಇರುವೆ! ಬೆಚ್ಚಗಿರುವ ಡಬ್ಬಿಗೆ ಅವು ಬಂದೇ ಬರುತ್ತವೆ, ಸಂಪರ್ಕದ ಮಧ್ಯೆ ಸಿಕ್ಕಿ ಸತ್ತು ಸ್ವಿಚ್ಚನ್ನೇ ಕೆಡಿಸುತ್ತವೆ. ಸಂದು ಕಡಿಮೆ ಇರುವ ಡಬ್ಬಿ ಆರಿಸಿ, ಹಾಲು ಲೋಟ ಅದರ ಪಕ್ಕ ಇಡಬೇಡಿ.

ಕತ್ತಲೆಯಲ್ಲಿ ಕಾಣಲಿ ಅಂತ ಲೈಟಿರುವ ರಾಕರ್ ತರುವವರಿದ್ದಾರೆ. ನಾಲ್ಕು ಕಾಲಿನದರಲ್ಲಿ ಆ ಲೈಟ್ ಹತ್ತುವುದು ಆನ್ ಆದಾಗ, ಅತ್ತೆಗೆ ಬೇಕಾದದ್ದು ಆಫ್ ಇದ್ದಾಗ. ಕತ್ತಲೆಯಲ್ಲಿ ಹೊಳೆಯುವ ರೇಡಿಯಂ ಸ್ಟಿಕ್ಕರಿನ ಒಂದು ಚೂರು ಅಂಟಿಸಿ, ಸಾಕು. ಸ್ವಿಚ್ಚನ್ನು ದಿಂಬಿನ ಕೆಳಗೆ ಮಾತ್ರ ಇಡಿಸಬೇಡಿ.

ಈ ಕೆಲಸ ನೀವೇ ಮಾಡಿದರೂ ಪ್ಲಗ್ ಚುಚ್ಚುವ ಮುಂಚೆ ಒಬ್ಬ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಆಫ್ ಆಗುವ ಸ್ವಿಚ್) ಇದೆಯಾ ಅಂತಲೂ ಅವರನ್ನೇ ಕೇಳಿ.

ಪ್ರಶ್ನೆ: ಇದೇ ಥರ ಸ್ವಿಚ್ಚನ್ನು ನೀರು ಕಾಯಿಸುವ ರಾಡಿನ ವೈರಿಗೂ ಹಾಕಬಹುದಾ? ಬಾತ್‌ರೂಮಿನ ಸ್ವಿಚ್ ಹೊರಗಿದೆ, ಓಡಾಡಿ ಸಾಕಾಗಿದೆ.
– ಯಶವಂತಪುರದಿಂದ

ಉತ್ತರ: ಬೇಡವೇ ಬೇಡ. ಲೆಕ್ಕ ನೋಡಿ, 1500 ವ್ಯಾಟ್ ರಾಡ್ 230 ವೋಲ್ಟಿನಲ್ಲಿ ಸುಮಾರು 6.5 ಆಂಪ್ ಎಳೆಯುತ್ತದೆ. ಟೇಬಲ್ ಲ್ಯಾಂಪಿನ ಕಾರ್ಡ್ ಸ್ವಿಚ್ಚುಗಳು ಸಾಮಾನ್ಯವಾಗಿ 2 ಆಂಪ್, ಜಾಸ್ತಿ ಅಂದರೆ 6 ಆಂಪಿನವು. 9 ವ್ಯಾಟ್ ಎಲ್‌ಇಡಿ ಬಲ್ಬಿನ ಪಕ್ಕ ಇಟ್ಟರೆ ರಾಡ್ ನೂರೈವತ್ತು ಪಟ್ಟಿಗೂ ಜಾಸ್ತಿ. ಅದಿರಲಿ, ಒದ್ದೆ ಕೈಗೆ ಸಿಗುವ ಹಾಗೆ ಸ್ವಿಚ್ ಮಾಡಿಕೊಳ್ಳುವುದು ಯಾಕೆ? ಆ ಸ್ವಿಚ್ ಹೊರಗಿರುವುದೇ ನಿಮ್ಮ ಒಳ್ಳೆಯದಕ್ಕೆ, ಓಡಾಡಿ.

ಪ್ರಶ್ನೆ: ತಾರಸಿಯ ಸೋಲಾರ್ ಬ್ಯಾಟರಿ 48 ವೋಲ್ಟ್. 250 ವೋಲ್ಟ್ ಎಸಿ ಅಂತ ಬರೆದಿರುವ ಸ್ವಿಚ್ ಅದಕ್ಕೆ ಧಾರಾಳವಾಗಿ ಸಾಕಲ್ವಾ?
– ಯಲಹಂಕದಿಂದ

ಉತ್ತರ: ಸಾಕಾಗುವುದಿಲ್ಲ. ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತದೆ, ಸ್ವಿಚ್ ಬಿಡಿಸಿದಾಗ ಹುಟ್ಟುವ ಕಿಡಿ ಆಗ ಆರುತ್ತದೆ. ಬ್ಯಾಟರಿಯ ಡಿಸಿ ಒಂದೇ ಸಮನೆ ಹರಿಯುವಂಥದ್ದು, ಅದಕ್ಕೆ ಆ ಬಿಡುವಿಲ್ಲ, ಕಿಡಿ ಎಳೆದುಕೊಂಡೇ ಇರುತ್ತದೆ. ಸ್ವಿಚ್ಚಿನ ಮೇಲೆ ಡಿಸಿ ವೋಲ್ಟ್, ಡಿಸಿ ಆಂಪ್ ಎಷ್ಟು ಅಂತ ಬೇರೆಯಾಗಿ ಬರೆದಿರಬೇಕು. ಬರೆದಿಲ್ಲ ಅಂದರೆ ತರಬೇಡಿ.

ಪ್ರಶ್ನೆ: ನಮ್ಮ ಎರಡು ಪಿನ್ನಿನ ಎಲ್‌ಇಡಿ ಲ್ಯಾಂಪ್ ವೈರಿನ ಸ್ವಿಚ್ ಆಫ್ ಮಾಡಿದರೂ ರಾತ್ರಿಯಿಡೀ ಮಿಣಮಿಣ ಅನ್ನುತ್ತದೆ. ಬಲ್ಬ್ ಬದಲಾಯಿಸಿದರೂ ಅದೇ ಕಥೆ. ಮೊಮ್ಮಗಳು ದೆವ್ವ ಅಂತಾಳೆ.
– ಮಲ್ಲೇಶ್ವರದ ಹಿರಿಯರೊಬ್ಬರು

ಉತ್ತರ: ಹಿರಿಯರೇ, ಮೊದಲು ಸ್ವಿಚ್ಚಿನಲ್ಲಿ ಪುಟ್ಟ ಲೈಟ್ ಇದೆಯಾ ನೋಡಿ. ಇದ್ದರೆ ಅದರ ಮೂಲಕ ಹರಿಯುವ ಚೂರು ಕರೆಂಟೇ ಎಲ್‌ಇಡಿ ಮಿಣುಕುವುದಕ್ಕೆ ಸಾಕು. ಇಲ್ಲ ಅಂದರೆ ಪ್ಲಗ್ ಕಿತ್ತು, ತಿರುಗಿಸಿ ಚುಚ್ಚಿ. ಮಿಣುಕು ನಿಂತಿತಾ? ಹಾಗಾದರೆ ಇಷ್ಟು ದಿನ ಸ್ವಿಚ್ ನ್ಯೂಟ್ರಲನ್ನು ಕತ್ತರಿಸುತ್ತಿತ್ತು, ಫೇಸ್ ಬಲ್ಬಿನ ತನಕ ಬಂದು ಕೂತಿತ್ತು, ಅಲ್ಲಿಂದ ಸುತ್ತಲಿನ ನೆಲ, ಗೋಡೆಯ ಕಡೆಗೆ ಸೋರುವ ಒಂದಿಷ್ಟು ಕರೆಂಟ್ ಬಲ್ಬನ್ನು ಕೆಣಕುತ್ತಿತ್ತು. ಹಳೇ ಬುರುಡೆ ಬಲ್ಬಾಗಿದ್ದರೆ ಅಷ್ಟಕ್ಕೆಲ್ಲ ಹತ್ತುತ್ತಿರಲಿಲ್ಲ, ನಿಮಗೆ ಗೊತ್ತೂ ಆಗುತ್ತಿರಲಿಲ್ಲ. ನಾಲ್ಕು ಕಾಲಿನ ಸ್ವಿಚ್ ಹಾಕಿಸುವ ತನಕ ಪ್ಲಗ್ಗಿನ ಮೇಲ್ಭಾಗಕ್ಕೆ ನೇಲ್ ಪಾಲಿಶಿನ ಒಂದು ಚುಕ್ಕಿ ಇಡಿ, ಯಾವ ಕಡೆ ಮೇಲೆ ಬರಬೇಕು ಅಂತ ಮನೆಯವರಿಗೆಲ್ಲ ಹೇಳಿ. ಪಾಲಿಶ್ ಮೊಮ್ಮಗಳ ಹತ್ತಿರ ಸಿಗಬಹುದು.